ಗಾಲಿಯ ಅಂಚಿನಿಂದ ನಾಭಿಯೆಡೆಗೆ: ಹಳೆಯ ಸೈಕಲ್ಲಿಗೆ ಡಿಸ್ಕ್ ಬ್ರೇಕ್

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಸೊರಡಿ ಮತ್ತು ಅದರ ಸುತ್ತಣ ಕನ್ನಡ ಮಾತಿನ ಹಳ್ಳಿಗಳಲ್ಲಿ, ಮಳೆಯನ್ನು ನಂಬಿ ಜೋಳ ಬಿತ್ತುವ ಆ ಬಯಲುಸೀಮೆಯಲ್ಲಿ, ಹೊಲಕ್ಕೂ ಮನೆಗೂ ನಡುವೆ, ಮನೆಗೂ ಜತ್ತದ ಪೇಟೆಗೂ ನಡುವೆ, ಜಾತ್ರೆಯ ಕಾಲದಲ್ಲಿ ಗುಡ್ಡಾಪುರದ ದಾನಮ್ಮದೇವಿಯ ಸನ್ನಿಧಿಯವರೆಗೂ ಮನುಷ್ಯನನ್ನೂ ಅವನ ಹೊರೆಯನ್ನೂ ದಶಕಗಳ ಕಾಲ ಹೊತ್ತು ಸಾಗಿಸಿದ ವಾಹನವೆಂದರೆ, ಕಪ್ಪು ಬಣ್ಣದ, ಇಪ್ಪತ್ತೆಂಟು ಇಂಚಿನ ಗಾಲಿಯ, ಹಿಂಬದಿಗೆ ಕಬ್ಬಿಣದ ಕ್ಯಾರಿಯರ್ ಹೊತ್ತ ಸಾದಾ ಸೈಕಲ್ಲು. ಮೋಟಾರು ಸೈಕಲ್ಲುಗಳು ಬಂದ ಮೇಲೆ ಅದರ ಪ್ರತಿಷ್ಠೆ ಕುಂದಿತಾದರೂ ಅದು ನಿಶ್ಶೇಷವಾಗಿ ಹೋಗಿಲ್ಲ. ಮೇವಿನ ಹೊರೆಯನ್ನೋ ಹಾಲಿನ ಕ್ಯಾನನ್ನೋ ಕಟ್ಟಿಕೊಂಡು ಹೊರಡುವ ಹಿರಿಯರೂ, ತಂದೆಯ ಸೈಕಲ್ಲನ್ನು ಬಣ್ಣ ಬಳಿಸಿ ಹೊಸದು ಮಾಡಿಕೊಳ್ಳಬೇಕೆಂಬ ಉತ್ಸಾಹದ ಕಿರಿಯರೂ ಇಂದಿಗೂ ಅದನ್ನು ಬಿಟ್ಟಿಲ್ಲ. ಈ ಕಿರಿಯರ ಬಾಯಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಕೇಳಿಬರುತ್ತದೆ: “ಕಾಕಾರ, ಈ ಸೈಕಲ್‌ಗೆ ಡಿಸ್ಕ್ ಬ್ರೇಕ್ ಕೂಡ್ರಸಾಕ ಬರತೈತೇನ್ರಿ?” ಅದಕ್ಕೆ ಬರುವ ಉತ್ತರವೂ ಬಹುಮಟ್ಟಿಗೆ ಒಂದೇ: “ಬರತೈತಿ ತಮ್ಮಾ, ಒಂದೀಟು ವೆಲ್ಡಿಂಗ್ ಹೊಡಿಸಿದರ ಆತು.” ಪ್ರಶ್ನೆ ಯೋಗ್ಯವಾದುದು, ಉತ್ತರ ಮಾತ್ರ ಅಪಾಯಕರವಾದುದು. ಏಕೆ ಅಪಾಯಕರವೆಂಬುದನ್ನು ತಿಳಿಯಬೇಕಾದರೆ, ಬ್ರೇಕು ಹಿಡಿದಾಗ ಸೈಕಲ್ಲಿನ ಯಾವ ಅಂಗದ ಮೇಲೆ ಎಷ್ಟು ಭಾರ ಬೀಳುತ್ತದೆಂಬುದನ್ನು ಮೊದಲು ವಿಚಾರಿಸಬೇಕು.

ಹಳೆಯ ಸೈಕಲ್ಲಿನ ಬ್ರೇಕನ್ನೇ ಹತ್ತಿರದಿಂದ ನೋಡೋಣ. ಹ್ಯಾಂಡಲ್ಲಿನ ಕೆಳಗೆ ಅದಕ್ಕೆ ಸಮಾನಾಂತರವಾಗಿ ಬಾಗಿ ನಿಂತ ಹಿಡಿಯನ್ನು ಬೆರಳುಗಳಿಂದ ಮೇಲಕ್ಕೆಳೆದರೆ, ಅದಕ್ಕೆ ಜೋಡಿಸಿದ ಉಕ್ಕಿನ ಸಲಾಕೆ ಮೇಲೇರುತ್ತದೆ; ಸಲಾಕೆಯ ತುದಿಯಲ್ಲಿ ಗಾಲಿಯನ್ನು ಬಳಸಿಕೊಂಡಿರುವ ಕುದುರೆಲಾಳದಾಕಾರದ ಕಂಬಿಯೂ ಅದರೊಡನೆ ಏರಿ, ಅದಕ್ಕೆ ಸಿಕ್ಕಿಸಿದ ಎರಡು ರಬ್ಬರಿನ ತುಂಡುಗಳು ರಿಮ್ಮಿನ ಒಳಮೈಗೆ, ಎಂದರೆ ಕಡ್ಡಿಗಳು ಹೊರಟುಬರುವ ಮೈಗೆ, ಒತ್ತಿಕೊಳ್ಳುತ್ತವೆ. ಹಿಂದಿನ ಗಾಲಿಗೆ ಇದೇ ಕ್ರಿಯೆ ಒಂದೆರಡು ತಿರುವುಗಳನ್ನು ದಾಟಿ ತಲಪುತ್ತದೆ. ತಂತಿಯಿಲ್ಲ, ತುಕ್ಕು ಹಿಡಿದು ಒಳಗೊಳಗೇ ಸವೆದು ಹರಿಯುವ ಭಯವಿಲ್ಲ. ಬಗ್ಗಿದರೆ ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಬಹುದು. ಹಳ್ಳಿಯ ಉಪಯೋಗಕ್ಕೆ ಇದಕ್ಕಿಂತ ಸರಳವಾದ ಯೋಜನೆಯನ್ನು ಕಲ್ಪಿಸುವುದು ಕಷ್ಟ. ಆದರೆ ರಿಮ್ಮು ಕ್ರೋಮಿನ ಲೇಪವಿರುವ ಉಕ್ಕಿನದು. ಅದು ಒಣಗಿದ್ದಾಗ ರಬ್ಬರು ಸಾಕಷ್ಟು ಹಿಡಿಯುತ್ತದೆಯಾದರೂ, ನುಣುಪಾದ ಆ ಲೇಪದ ಮೇಲೆ ನೀರಿನ ತೆಳುವಾದ ಪದರವೊಂದು ಕುಳಿತೊಡನೆ ಘರ್ಷಣೆ ಬಹಳವಾಗಿ ಇಳಿದುಹೋಗಿ, ಸವಾರನು ಹಿಡಿಯನ್ನು ಎಷ್ಟು ಬಿಗಿದರೂ ಗಾಲಿ ತನ್ನಷ್ಟಕ್ಕೆ ತಾನು ಉರುಳುತ್ತಲೇ ಇರುತ್ತದೆ. ಎರೆಭೂಮಿಯ ಕೆಸರು ರಿಮ್ಮಿಗೂ ರಬ್ಬರಿಗೂ ನಡುವೆ ಮೆತ್ತಿಕೊಂಡಾಗಲೂ ಪರಿಸ್ಥಿತಿ ಇದಕ್ಕಿಂತ ಮೇಲಲ್ಲ. ವರ್ಷದ ಹೆಚ್ಚಿನ ದಿನಗಳು ಒಣಗಿರುವ ಜತ್ತದ ಸೀಮೆಯಲ್ಲಿ ಈ ದೋಷ ಮರೆತುಹೋಗುತ್ತದೆ. ಮರೆತುಹೋಗುವುದರಿಂದಲೇ ಮುಂಗಾರಿನ ಮೊದಲ ಮಳೆಯಲ್ಲಿ ಅದು ಹೆಚ್ಚು ಅಪಾಯಕಾರಿಯಾಗುತ್ತದೆ.

ಬ್ರೇಕಿನ ಚರಿತ್ರೆಯನ್ನು ನೋಡಿದರೆ, ಅದು ಗಾಲಿಯ ಹೊರಮೈಯಿಂದ ಕ್ರಮಕ್ರಮವಾಗಿ ಒಳಕ್ಕೆ ಸರಿಯುತ್ತ ಬಂದ ಕಥೆಯಾಗಿ ಕಾಣುತ್ತದೆ. ಆದಿಯಲ್ಲಿ ಗಟ್ಟಿರಬ್ಬರಿನ ಗಾಲಿಯ ನೆತ್ತಿಯನ್ನೇ ಸೌಟಿನಾಕಾರದ ಲೋಹದ ತುಂಡೊಂದು ಒತ್ತುತ್ತಿತ್ತು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದನು. ಬೆಲೆಯುಳ್ಳ ಆ ಟಯರಿನ ಮೈಯನ್ನು ಉಜ್ಜಿ ಸವೆಸುವುದು ಯಾರಿಗೂ ಒಪ್ಪಿಗೆಯಾಗದೆ ಬ್ರೇಕು ಕಾಲಕ್ರಮದಲ್ಲಿ ರಿಮ್ಮಿಗೆ ಇಳಿಯಿತು. ಅದೇ 1888ರಲ್ಲಿ ನಮ್ಮ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ಲಿನ ಅಂಗಡಿಯೊಂದನ್ನು ತೆರೆದರೆಂಬುದೂ, ಆ ಅಂಗಡಿಯಿಂದ ಬೆಳೆದ ಉದ್ಯಮವೇ ಮುಂದೆ 1910ರಲ್ಲಿ ಸೊರಡಿ ಸೇರಿದ ಇದೇ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ ನೆಲೆಯೂರಿತೆಂಬುದೂ ಇಲ್ಲಿ ಸ್ಮರಣೀಯ. ಸೈಕಲ್ಲನ್ನು ಬಿಚ್ಚಿ ಜೋಡಿಸುವ ಕುತೂಹಲದಿಂದ ಕಬ್ಬಿಣದ ನೇಗಿಲವರೆಗೆ ನಡೆದ ದಾರಿ ಈ ಪ್ರಾಂತದ ಹುಡುಗರಿಗೆ ಪರಕೀಯವಾದುದಲ್ಲ. ಸ್ವಾತಂತ್ರ್ಯಾನಂತರ ಮದರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲುಧಿಯಾನದಲ್ಲಿ 1956ರಲ್ಲಿ ಹೀರೋ ಸ್ಥಾಪನೆಗೊಂಡು, ಸಲಾಕೆಯ ಬ್ರೇಕಿನ ಇದೇ ನಮೂನೆಯನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದವು. ಅಟ್ಲಾಸಿನ ಕೊನೆಯ ಕಾರ್ಖಾನೆಯಾದ ಸಾಹಿಬಾಬಾದಿನ ಘಟಕದಲ್ಲಿ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಂತುಹೋದದ್ದನ್ನು ಓದಿದಾಗ ಆ ಸೈಕಲ್ಲಿನ ಮೇಲೆ ಬೆಳೆದ ಯಾರಿಗಾದರೂ ಮನಸ್ಸು ನೊಂದಿರಬೇಕು.

ಇತ್ತ ತಟ್ಟೆಯ ಬ್ರೇಕಿಗೆ, ಎಂದರೆ ಡಿಸ್ಕ್ ಬ್ರೇಕಿಗೆ, ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಆದರೆ ಅದರ ಸಾಮರ್ಥ್ಯ ಲೋಕಕ್ಕೆ ಮನವರಿಕೆಯಾದದ್ದು 1953ರಲ್ಲಿ, ಲ ಮಾನ್ಸ್‌ನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಈ ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದಾಗ. ಕಾರಿನಿಂದ ಮೋಟಾರು ಸೈಕಲ್ಲಿಗೆ, ಅಲ್ಲಿಂದ ಗುಡ್ಡಗಾಡಿನ ಸೈಕಲ್ಲಿಗೆ ಅದು ಇಳಿದುಬಂತು. ರಸ್ತೆಪಂದ್ಯಗಳ ಸೈಕಲ್ಲುಗಳಿಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಪೂರ್ಣಾನುಮತಿ ದೊರೆತದ್ದು 2018ರಷ್ಟು ಈಚೆಗೆ. ಜತ್ತದ ನೆರೆಯ ವಿಜಯಪುರವೂ ಅದರಾಚೆಯ ಬಾಗಲಕೋಟೆಯೂ ಕರ್ನಾಟಕಕ್ಕೆ ಹೆಸರಾಂತ ಸೈಕಲ್ ಪಟುಗಳನ್ನು ಕೊಟ್ಟ ಜಿಲ್ಲೆಗಳು. ಆ ಪಟುಗಳ ರಸ್ತೆಯ ಸೈಕಲ್ಲುಗಳನ್ನು ಕಂಡ ಹುಡುಗನಿಗೆ ತನ್ನ ಮನೆಯ ಸೈಕಲ್ಲಿಗೂ ಡಿಸ್ಕ್ ಬ್ರೇಕು ಬೇಕೆನ್ನಿಸುವುದು ಸಹಜವೇ ಆಗಿದೆ.

ಈ ಬ್ರೇಕಿನ ರಚನೆ ಹೀಗೆ: ಗಾಲಿಯ ನಾಭಿಗೆ, ನಾವು ಹಬ್ ಎನ್ನುವ ಭಾಗಕ್ಕೆ, ಎಡಗಡೆಯಲ್ಲಿ ಉಕ್ಕಿನ ತೆಳುವಾದ ತಟ್ಟೆಯೊಂದನ್ನು ಬಿಗಿದಿರುತ್ತಾರೆ. ಸಾಮಾನ್ಯವಾಗಿ ಅದರ ವ್ಯಾಸ 160 ಮಿಲಿಮೀಟರು, ದಪ್ಪ ಎರಡು ಮಿಲಿಮೀಟರಿಗಿಂತ ಕಡಿಮೆ. ಫೋರ್ಕಿನ, ಎಂದರೆ ನಮ್ಮ ಕಡೆಯ ಚಿಮಟಾದ, ಎಡಗಾಲಿಗೆ ಹತ್ತಿದ ಕ್ಯಾಲಿಪರ್ ಎಂಬ ಚಿಕ್ಕ ಪೆಟ್ಟಿಗೆಯೊಳಗೆ ಎರಡು ಪ್ಯಾಡುಗಳು ಆ ತಟ್ಟೆಯನ್ನು ಎರಡೂ ಕಡೆಯಿಂದ ಅವಚುತ್ತವೆ. ತಟ್ಟೆ ನೆಲದಿಂದ ದೂರವಿರುವುದರಿಂದ ಕೆಸರು ಅದನ್ನು ಬೇಗ ಮುಟ್ಟದು. ಅದರಲ್ಲಿ ಕೊರೆದ ರಂಧ್ರಗಳು ನೀರನ್ನು ಹೊರದೂಡುತ್ತವೆ. ಹೊಂಡಕ್ಕೆ ಬಿದ್ದು ರಿಮ್ಮು ಸೊಟ್ಟಗಾದರೂ ತಟ್ಟೆ ನೆಟ್ಟಗೇ ಇರುವುದರಿಂದ ಪ್ಯಾಡಿಗೂ ತಟ್ಟೆಗೂ ನಡುವೆ ಕೂದಲೆಳೆಯಷ್ಟು ಮಾತ್ರ ಅಂತರವಿಟ್ಟು, ಬೆರಳಿನ ಚಲನೆಯ ಬಹುಭಾಗವನ್ನು ಒತ್ತಡವಾಗಿ ಪರಿವರ್ತಿಸಬಹುದು. ಇವೆಲ್ಲ ನಿಜವಾದ ಗುಣಗಳು.

ಆದರೆ ಈ ಗುಣಗಳಿಗೆ ತೆರಬೇಕಾದ ಬೆಲೆಯನ್ನೂ ಲೆಕ್ಕ ಹಾಕಬೇಕು. ಬೀಸುವ ಕಲ್ಲಿನ ಗೂಟವನ್ನು ನಮ್ಮ ಹಿರಿಯರು ಕಲ್ಲಿನ ಅಂಚಿನಲ್ಲಿ ನೆಟ್ಟರೇ ಹೊರತು ನಡುವಿನ ಕೀಲಿನ ಬಳಿಯಲ್ಲಿ ನೆಡಲಿಲ್ಲ. ಅಂಚಿನಲ್ಲಿ ಒಂದು ಕೈಯಿಂದ ತಿರುಗುವ ಕಲ್ಲು ಕೀಲಿನ ಹತ್ತಿರ ಹಿಡಿದರೆ ಎರಡು ಕೈಗಳಿಗೂ ಜಗ್ಗದು. ಗಾಲಿಯನ್ನು ನಿಲ್ಲಿಸುವಲ್ಲಿಯೂ ಇದೇ ನ್ಯಾಯ. ಇಪ್ಪತ್ತೆಂಟು ಇಂಚಿನ ಗಾಲಿಯ ತ್ರಿಜ್ಯ, ಟಯರನ್ನೂ ಸೇರಿಸಿದರೆ, ಸುಮಾರು 355 ಮಿಲಿಮೀಟರು. ಸಲಾಕೆಯ ಬ್ರೇಕಿನ ರಬ್ಬರು ರಿಮ್ಮನ್ನು ಮುಟ್ಟುವುದು ಅಕ್ಷದಿಂದ ಸುಮಾರು 310 ಮಿಲಿಮೀಟರು ದೂರದಲ್ಲಿ; ಡಿಸ್ಕಿನ ಪ್ಯಾಡು ತಟ್ಟೆಯನ್ನು ಹಿಡಿಯುವುದು ಸುಮಾರು 73 ಮಿಲಿಮೀಟರು ದೂರದಲ್ಲಿ. ಈಗ ನೆಲಕ್ಕೂ ಟಯರಿಗೂ ನಡುವೆ 30 ಕಿಲೊ ತೂಕದಷ್ಟು ತಡೆಯನ್ನು ಉಂಟುಮಾಡಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ರಿಮ್ಮಿನ ಬ್ರೇಕಿಗೆ ಅದಕ್ಕಾಗಿ 35 ಕಿಲೊದಷ್ಟು ಎಳೆತ ಸಾಕು. ಡಿಸ್ಕಿನಲ್ಲಾದರೋ ಅದೇ ಪರಿಣಾಮಕ್ಕೆ ಸುಮಾರು 145 ಕಿಲೊದಷ್ಟು ಎಳೆತ ಬೇಕು. ಕ್ಯಾಲಿಪರಿನೊಳಗಿನ ಸನ್ನೆಯ ಏರ್ಪಾಡು ಅಷ್ಟು ಬಲವನ್ನು ಒದಗಿಸಿಯೇ ಒದಗಿಸುತ್ತದೆ, ಅದರಲ್ಲಿ ಸಂಶಯವಿಲ್ಲ. ಒದಗಿಸಿದ ಬಲಕ್ಕೆ ಪ್ರತಿಯಾಗಿ ಆ 145 ಕಿಲೊ ಭಾರವನ್ನು ತಾಳಿಕೊಳ್ಳಬೇಕಾದವರು ಯಾರು ಎಂಬುದೇ ಮುಖ್ಯವಾದ ಪ್ರಶ್ನೆ.

ತಾಳಿಕೊಳ್ಳಬೇಕಾದದ್ದು ಚಿಮಟಾದ ಎಡಗಾಲು, ಅದೊಂದೇ. ಸಲಾಕೆಯ ಬ್ರೇಕಿನಲ್ಲಿ ಕುದುರೆಲಾಳದ ಕಂಬಿ ಎರಡೂ ಕಾಲುಗಳಿಗೆ ಹತ್ತಿಕೊಂಡಿರುವುದರಿಂದ ಭಾರ ಇಬ್ಭಾಗವಾಗುತ್ತದೆ. ಡಿಸ್ಕಿನಲ್ಲಿ ನಾಲ್ಕು ಪಟ್ಟಿಗಿಂತ ಮಿಗಿಲಾದ ಬಲ ಒಂದೇ ಕಾಲಿನ ಮೇಲೆ, ಅದೂ ಕೊಳವೆ ಕಿರಿದಾಗುತ್ತ ಬಂದ ಕೆಳತುದಿಯ ಸಮೀಪದಲ್ಲಿ, ಬೆರಳಗಲದ ಒಂದು ತುಂಡಿನ ಮೂಲಕ ಬೀಳುತ್ತದೆ. ನಮ್ಮ ಸಾದಾ ಸೈಕಲ್ಲಿನ ಚಿಮಟಾ ತೆಳುವಾದ ಉಕ್ಕಿನ ಕೊಳವೆಯಿಂದ ಮಾಡಿದುದು. ಅದರ ಮುಂಬಾಗು ರಸ್ತೆಯ ಕುಲುಕನ್ನು ನುಂಗುವುದಕ್ಕೆ ರೂಪಿತವಾದುದೇ ವಿನಾ ಈ ಬಗೆಯ ತಿರುಚನ್ನು ತಡೆಯುವುದಕ್ಕಲ್ಲ. ಅಂಥ ಕೊಳವೆಗೆ ಹೊಲದ ಗೇಟನ್ನೂ ಟ್ರ್ಯಾಕ್ಟರಿನ ಕೊಂಡಿಯನ್ನೂ ಬೆಸೆಯುವ ವೆಲ್ಡಿಂಗ್ ಯಂತ್ರದಿಂದ ತುಂಡೊಂದನ್ನು ಅಂಟಿಸಿದರೆ, ಗೋಡೆ ಅಲ್ಲಲ್ಲಿ ಕರಗಿ ಮತ್ತಷ್ಟು ತೆಳುವಾಗುತ್ತದೆ. ಬೆಸುಗೆಯ ಅಂಚಿನಲ್ಲಿ ಉಕ್ಕಿನ ಗುಣವೇ ಬದಲಾಗುತ್ತದೆ. ಮೊದಲ ದಿನ ಬ್ರೇಕು ಅದ್ಭುತವಾಗಿ ಹಿಡಿಯುತ್ತದೆ, ಎರಡನೆಯ ತಿಂಗಳಲ್ಲಿಯೂ ಹಿಡಿಯುತ್ತದೆ. ಬೆಸುಗೆಯ ಪಕ್ಕದಲ್ಲಿ ಬಣ್ಣದಡಿ ಹುಟ್ಟಿದ ಬಿರುಕು ಮಾತ್ರ ಪ್ರತಿ ಹಿಡಿತಕ್ಕೂ ಒಂದಿಷ್ಟು ಬೆಳೆಯುತ್ತಿರುತ್ತದೆ. ಹಿಂದಿನ ಗಾಲಿ ಮುರಿದರೆ ಸವಾರ ಕುಸಿದು ಕೂರುತ್ತಾನೆ, ಮುಂದಿನ ಚಿಮಟಾ ಮುರಿದರೆ ಮುಖವಡಿಯಾಗಿ ಬೀಳುತ್ತಾನೆ.

ಇನ್ನೂ ಒಂದು ಸೂಕ್ಷ್ಮವುಂಟು. ಗಾಲಿ ಮುಂದಕ್ಕೆ ಉರುಳುವಾಗ ಅದರ ಹಿಂಭಾಗ ಮೇಲ್ಮುಖವಾಗಿ ಚಲಿಸುತ್ತದೆ. ಕ್ಯಾಲಿಪರು ಚಿಮಟಾದ ಹಿಂದುಗಡೆಯಲ್ಲಿರುವುದರಿಂದ, ಅದು ಮೇಲೇರುವ ತಟ್ಟೆಯನ್ನು ಕೆಳಕ್ಕೆ ತಡೆಯುತ್ತದೆ. ಪರಿಣಾಮವಾಗಿ ಗಾಲಿಯ ಅಕ್ಷವನ್ನೇ, ಅದು ಕುಳಿತಿರುವ ಸೀಳಿನಿಂದ ಕೆಳಕ್ಕೆ ಜಾರಿಸುವ ಬಲವೊಂದು ಹುಟ್ಟುತ್ತದೆ. ಜೇಮ್ಸ್ ಅನ್ನನ್ ಎಂಬ ಬ್ರಿಟಿಷ್ ವಿಜ್ಞಾನಿ 2003ರಲ್ಲಿ ಇದನ್ನು ಎತ್ತಿ ತೋರಿಸಿದಾಗ ಬಹಳ ಚರ್ಚೆಯಾಯಿತು. ಇಂದಿನ ಒಳ್ಳೆಯ ಡಿಸ್ಕ್ ಸೈಕಲ್ಲುಗಳಲ್ಲಿ ಸೀಳಿನ ಬದಲು ಮುಚ್ಚಿದ ರಂಧ್ರದೊಳಗೆ ಆರುಪಾರಾಗಿ ತೂರುವ ದಪ್ಪನೆಯ ಅಕ್ಷವಿರುವುದು ಈ ತೊಂದರೆಯನ್ನೂ ನಿವಾರಿಸುತ್ತದೆ. ಹಳೆಯ ಸೈಕಲ್ಲಿನ ಸೀಳು ಕೆಳಗಡೆ ತೆರೆದೇ ಇದೆ. ಅಲ್ಲಿ ಅಕ್ಷವನ್ನು ಹಿಡಿದಿರುವುದು ನಟ್ಟುಗಳ ಬಿಗಿಯೊಂದೇ.

ಹಾಗಾದರೆ ಮಾರ್ಗವೇ ಇಲ್ಲವೆಂದಲ್ಲ. ಸರಿಯಾದ ಮಾರ್ಗವೆಂದರೆ ಹಳೆಯ ಚಿಮಟಾವನ್ನು ಮುಟ್ಟದೆ ಪಕ್ಕಕ್ಕಿಟ್ಟು, ಕಾರ್ಖಾನೆಯಲ್ಲಿಯೇ ಡಿಸ್ಕಿಗೆಂದು ತಯಾರಾದ ಚಿಮಟಾವನ್ನು ತರುವುದು. ಅದರ ಎಡಗಾಲಿನ ಮೇಲೆ ಕ್ಯಾಲಿಪರಿಗೆ ಎರಡು ರಂಧ್ರಗಳಿರುತ್ತವೆ. ಅವುಗಳ ಅಂತರ ಒಂದು ಪದ್ಧತಿಯಲ್ಲಿ 51 ಮಿಲಿಮೀಟರು, ಇನ್ನೊಂದರಲ್ಲಿ 74. ಕ್ಯಾಲಿಪರನ್ನು ಕೊಳ್ಳುವ ಮುನ್ನ ಇದನ್ನು ಅಳೆಯಬೇಕು. ಚಿಮಟಾದ ಕುತ್ತಿಗೆಯ ಕೊಳವೆ ಹಳೆಯ ಸೈಕಲ್ಲಿನಲ್ಲಿ ಒಂದಿಂಚು ದಪ್ಪದ್ದು, ಮೇಲ್ತುದಿಗೆ ತಿರುಪಿನ ಗೆರೆ ಕೊರೆದದ್ದು. ಇಂದು ಮಾರುವವುಗಳಲ್ಲಿ ಅನೇಕವು ಅದಕ್ಕಿಂತ ದಪ್ಪ, ಎಂದರೆ ಒಂದೂ ಎಂಟನೆಯ ಒಂದು ಇಂಚಿನವು. ಅವು ಹಳೆಯ ಫ್ರೇಮಿನೊಳಗೆ ಇಳಿಯವು. ಅಳತೆ ಕೂಡಿದರೂ ಎತ್ತರ ಕೂಡಬೇಕು: ಮುಂಭಾಗ ತಗ್ಗಿದರೆ ಹ್ಯಾಂಡಲ್ಲು ಚಂಚಲವಾಗುತ್ತದೆ, ಎತ್ತರವಾದರೆ ಜಡವಾಗುತ್ತದೆ.

ಹಬ್ಬಿನ ವಿಷಯದಲ್ಲಿ ಅದೃಷ್ಟ ಸ್ವಲ್ಪ ನಮ್ಮ ಕಡೆಗಿದೆ. ಸಾದಾ ಸೈಕಲ್ಲಿನ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40 ಕಡ್ಡಿ ಎಂಬುದು ಇಂಗ್ಲೆಂಡಿನಿಂದ ಬಂದ ಹಳೆಯ ಸಂಪ್ರದಾಯ. 32 ರಂಧ್ರಗಳ ಡಿಸ್ಕ್ ಹಬ್ಬು ಸುಲಭವಾಗಿ ದೊರೆಯುತ್ತದೆಯಾದ್ದರಿಂದ ಮುಂದಿನ ರಿಮ್ಮನ್ನು ಬೇಕಿದ್ದರೆ ಉಳಿಸಿಕೊಳ್ಳಬಹುದು. ಹಬ್ಬಿನ ಕಿವಿ ದೊಡ್ಡದಾದುದರಿಂದ ಕಡ್ಡಿಗಳನ್ನು ಮಾತ್ರ ಹೊಸ ಅಳತೆಗೆ ತರಬೇಕು. ತಡೆಯ ಬಲವೆಲ್ಲ ಈಗ ಹಬ್ಬಿನಿಂದ ಕಡ್ಡಿಗಳ ಮೂಲಕವೇ ರಿಮ್ಮಿಗೆ ಹರಿಯಬೇಕಾಗಿರುವುದರಿಂದ, ಅವುಗಳನ್ನು ಒಂದರ ಮೇಲೊಂದು ಹಾಯುವಂತೆ ಹೆಣೆಯಬೇಕು. ನೇರವಾಗಿ ಹೊರಟ ಕಡ್ಡಿ ತಿರುಚುವ ಬಲವನ್ನು ಒಯ್ಯಲಾರದು. ಎಡಗಡೆ ತಟ್ಟೆಗೆ ಜಾಗ ಬಿಡಬೇಕಾದುದರಿಂದ ಹಬ್ಬಿನ ಕಿವಿಗಳು ಮಧ್ಯರೇಖೆಗೆ ಸಮದೂರದಲ್ಲಿರುವುದಿಲ್ಲ; ಬೆಂಡು ತೆಗೆಯುವ ಮಿಸ್ತ್ರಿ ಇದನ್ನರಿತು ಎರಡು ಪಕ್ಕದ ಕಡ್ಡಿಗಳನ್ನು ಬೇರೆಬೇರೆ ಬಿಗಿಗೆ ತರಬೇಕಾಗುತ್ತದೆ. ಸಲಾಕೆಯ ಹಿಡಿ ಇಲ್ಲಿ ಉಪಯೋಗಕ್ಕೆ ಬಾರದು. ತಂತಿಯ ಹಿಡಿ ಬೇಕು, ಅದೂ ಕ್ಯಾಲಿಪರು ಬೇಡುವಷ್ಟೇ ತಂತಿಯನ್ನು ಎಳೆಯುವಂಥದು.

ಹಿಂದಿನ ಗಾಲಿಗೆ ಈ ಸಾಹಸ ಬೇಡವೆಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ. ಹಿಂದಿನ ಡಿಸ್ಕ್ ಹಬ್ಬಿಗೆ ಸಾಮಾನ್ಯವಾಗಿ 135 ಮಿಲಿಮೀಟರು ಅಗಲ ಬೇಕು; ಹಳೆಯ ಫ್ರೇಮಿನ ಹಿಂಬದಿ ಅದಕ್ಕಿಂತ ಬಹಳ ಕಿರಿದು. ಅದನ್ನು ಬಲವಂತದಿಂದ ಅಗಲಿಸಿದರೆ ಸರಪಳಿಯ ಸರಳರೇಖೆ ತಪ್ಪುತ್ತದೆ. ಅಲ್ಲದೆ ಸರಪಳಿ ಸಡಿಲವಾದಾಗಲೆಲ್ಲ ನಾವು ಹಿಂದಿನ ಗಾಲಿಯನ್ನು ಸೀಳಿನಲ್ಲಿ ಹಿಂದಕ್ಕೆಳೆದು ಬಿಗಿಯುತ್ತೇವಷ್ಟೆ. ಕ್ಯಾಲಿಪರು ಫ್ರೇಮಿಗೆ ಭದ್ರವಾಗಿರುವುದರಿಂದ, ಪ್ರತಿ ಸಲವೂ ತಟ್ಟೆ ಪ್ಯಾಡಿನ ನೆಲೆಯಿಂದ ಸರಿದುಹೋಗುತ್ತದೆ. ಇಷ್ಟೆಲ್ಲ ಪಾಡುಪಟ್ಟು ಗಳಿಸುವುದಾದರೂ ಏನು? ಬ್ರೇಕು ಹಿಡಿದಾಗ ಭಾರ ಮುಂದಿನ ಗಾಲಿಗೆ ಒರಗುತ್ತದೆ. ಗಂಟೆಗೆ 25 ಕಿಲೊಮೀಟರು ವೇಗದಲ್ಲಿ ಬರುವ ಸೈಕಲ್ಲು ಒಣರಸ್ತೆಯಲ್ಲಿ ಮುಂದಿನ ಒಳ್ಳೆಯ ಬ್ರೇಕಿನಿಂದ ಸುಮಾರು ಐದು ಮೀಟರಿನಲ್ಲಿ ನಿಲ್ಲಬಲ್ಲುದಾದರೆ, ಬರಿಯ ಹಿಂದಿನ ಬ್ರೇಕಿನಿಂದ ಅದಕ್ಕೆ ಹತ್ತಿರ ಹತ್ತಿರ ಎರಡರಷ್ಟು ದೂರ ಬೇಕು, ಅದು ಎಂಥ ಉತ್ತಮ ಬ್ರೇಕೇ ಆಗಿರಲಿ. ಹಿಂದೆ ಹೊರೆಯಿದ್ದರೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ, ತಲೆಕೆಳಗಾಗುವುದಿಲ್ಲ.

ಶಾಖದ ಮಾತನ್ನೂ ಹೇಳಬೇಕು. ಸವಾರ, ಸೈಕಲ್ಲು, ಹೊರೆ ಎಲ್ಲ ಕೂಡಿ 110 ಕಿಲೊ ಇದ್ದು, ಮೇಲೆ ಹೇಳಿದ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 2,650 ಜೌಲು. ನಿಲ್ಲುವಾಗ ಅದಷ್ಟೂ ಉಷ್ಣವಾಗಬೇಕು. ಒಂದು ಕಿಲೊದಷ್ಟು ತೂಕದ ಉಕ್ಕಿನ ರಿಮ್ಮು ಒಂದೇ ಅದನ್ನು ಹೀರಿಕೊಂಡರೂ ಐದಾರು ಡಿಗ್ರಿಗಿಂತ ಹೆಚ್ಚು ಕಾಯದು. 120 ಗ್ರಾಂ ತೂಕದ ತಟ್ಟೆ ನಲವತ್ತು ಡಿಗ್ರಿಗೂ ಮೇಲೆ ಏರುತ್ತದೆ. ಆದುದರಿಂದ ಬ್ರೇಕು ಹಿಡಿದ ಕೂಡಲೆ ತಟ್ಟೆಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಹೇಳಿರಬೇಕು. ತಟ್ಟೆ ಕಾದರೂ ಟ್ಯೂಬಿಗೆ ತೊಂದರೆಯಿಲ್ಲ; ರಿಮ್ಮು ಕಾದರೆ ಟ್ಯೂಬು ಒಡೆಯಬಹುದು. ಅಂಬೋಲಿಯಂತಹ ಘಟ್ಟವನ್ನು ಇಳಿಯುವವನಿಗೆ ಈ ವ್ಯತ್ಯಾಸ ಪ್ರಾಣಪ್ರಶ್ನೆ. ಸೊರಡಿಯ ಬಯಲಿನಲ್ಲಿ ಓಡಾಡುವವನಿಗೆ ಅಷ್ಟಾಗಿ ಅಲ್ಲ.

ಕೂಡಿಸಿದ ಬಳಿಕ ಆರೈಕೆಯ ಕ್ರಮವೂ ಬೇರೆ. ಹೊಸ ಪ್ಯಾಡು ಮೊದಲ ದಿನವೇ ಪೂರ್ಣವಾಗಿ ಹಿಡಿಯುವುದಿಲ್ಲ. ಜನವಿಲ್ಲದ ರಸ್ತೆಯಲ್ಲಿ ಸಾಧಾರಣ ವೇಗದಿಂದ, ಗಾಲಿ ಕಟ್ಟಿಕೊಳ್ಳದಂತೆ, ಮೆಲ್ಲಮೆಲ್ಲನೆ ನಿಧಾನಗೊಳಿಸುತ್ತ ಅನೇಕ ಸಲ ಪಳಗಿಸಬೇಕು. 1.8 ಮಿಲಿಮೀಟರಿನ ತಟ್ಟೆ ಸವೆದು 1.5ಕ್ಕೆ ಬಂದರೆ ಅದನ್ನು ಬದಲಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಎಣ್ಣೆಯ ಹನಿ ತಟ್ಟೆಗೆ ತಾಗಬಾರದು. ಸೈಕಲ್ಲೆಂದರೆ ಕಡ್ಡಿಯಿಂದ ಸರಪಳಿಯವರೆಗೆ ಎಣ್ಣೆಬಟ್ಟೆಯಿಂದ ಒರೆಸಿ ಹೊಳೆಯಿಸುವುದು ನಮ್ಮಲ್ಲಿ ರೂಢಿಯಾಗಿದೆ. ಮಹಾನವಮಿಯ ಖಂಡೇಪೂಜೆಯಂದು ಸೈಕಲ್ಲನ್ನು ತೊಳೆದು, ಎಣ್ಣೆ ಸವರಿ, ಕುಂಕುಮ ಹಚ್ಚಿ ಪೂಜಿಸುವುದು ಸದಾಚಾರವೇ ಸರಿ. ಆ ಎಣ್ಣೆಯ ಕೈ ತಟ್ಟೆಯನ್ನು ಮುಟ್ಟಿತೆಂದರೆ ಪ್ಯಾಡು ಅದನ್ನು ಹೀರಿಕೊಂಡು ಹಾಳಾಗುತ್ತದೆ, ಮರುದಿನದ ಪಯಣದಲ್ಲಿ ಬ್ರೇಕು ಹಿಡಿಯುವುದಿಲ್ಲ. ಕುಂಕುಮವನ್ನು ಹ್ಯಾಂಡಲ್ಲಿಗೆ ಹಚ್ಚಿದರೆ ಸಾಕು.

ಈ ಎಲ್ಲ ಸಾಮಗ್ರಿಯ ವೆಚ್ಚವನ್ನು ಕೂಡಿಸಿದರೆ, ಅದು ಹಳೆಯ ಸೈಕಲ್ಲನ್ನು ಮಾರಿದರೆ ಬರುವ ಹಣವನ್ನು ಮೀರುತ್ತದೆ. ಉದ್ದೇಶ ಮಳೆಯಲ್ಲಿ ಸುರಕ್ಷಿತವಾಗಿ ನಿಲ್ಲುವುದಾಗಿದ್ದರೆ, ಮುಂದಿನ ಗಾಲಿಗೆ ಅಲ್ಯೂಮಿನಿಯಮ್ಮಿನ ರಿಮ್ಮು ಹಾಕಿಸಿ, ತಂತಿಯಿಂದ ನಡೆಯುವ ಒಳ್ಳೆಯ ರಿಮ್ ಬ್ರೇಕನ್ನು ಹೊಸ ರಬ್ಬರಿನೊಡನೆ ಕೂಡಿಸುವುದರಿಂದಲೇ ಬಹುಪಾಲು ಪ್ರಯೋಜನ ಲಭಿಸುತ್ತದೆ. ಒದ್ದೆಯಾದ ಅಲ್ಯೂಮಿನಿಯಮ್ಮಿನ ಮೇಲೆ ರಬ್ಬರು ಹಿಡಿಯುವಷ್ಟು ಒದ್ದೆ ಕ್ರೋಮಿನ ಮೇಲೆ ಎಂದಿಗೂ ಹಿಡಿಯದು. ಫ್ರೇಮಿಗೂ ಚಿಮಟಾಕ್ಕೂ ಅದರಿಂದ ಯಾವ ಹಿಂಸೆಯೂ ಇಲ್ಲ. ಹಬ್ಬಿನೊಳಗೇ ಅಡಗಿರುವ ಡ್ರಮ್ ಬ್ರೇಕು ದೊರೆತರೆ ಹೊರೆ ಹೊರುವ ಸೈಕಲ್ಲಿಗೆ ಅದು ಇನ್ನೂ ಹಿತ: ಕೆಸರಿಗೂ ಧೂಳಿಗೂ ಅದು ಮುಚ್ಚಿದ ಬಾಗಿಲು, ಅದರ ಉದ್ದನೆಯ ತೋಳನ್ನು ಪಟ್ಟಿಯೊಂದರಿಂದ ಗಟ್ಟಿಯಾದ ಚಿಮಟಾಕ್ಕೆ ಬಿಗಿದರಾಯಿತು, ಬೆಸುಗೆ ಬೇಕಿಲ್ಲ; ಆದರೆ ನಮ್ಮ ಪೇಟೆಗಳಲ್ಲಿ ಅದು ಸಿಕ್ಕುವುದು ಅಪೂರ್ವ.

ಡಿಸ್ಕೇ ಬೇಕೆಂಬ ಹಂಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಕೈಯಿಂದ ಮಾಡಿ ಕಲಿಯುವ ಹಂಬಲ ಅದು, ಅದಕ್ಕೆ ಪ್ರೋತ್ಸಾಹವೇ ಸಲ್ಲಬೇಕು. ಹಂಬಲವುಳ್ಳವರು ಹಣ ಕೂಡಿಸಿ ಡಿಸ್ಕಿನ ಚಿಮಟಾ, ಹಬ್ಬು, ಕ್ಯಾಲಿಪರು, ಹಿಡಿ ಎಲ್ಲವನ್ನೂ ಒಟ್ಟಿಗೆ ಅಳತೆ ನೋಡಿ ತರಲಿ, ಮುಂದಿನ ಗಾಲಿಗೆ ಮಾತ್ರ ಹಾಕಲಿ, ಹಿಂದಿನ ಸಲಾಕೆಯ ಬ್ರೇಕನ್ನು ಹೊಸ ರಬ್ಬರಿನೊಡನೆ ಹಾಗೆಯೇ ಉಳಿಸಿಕೊಳ್ಳಲಿ. ಜತ್ತದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ವೆಲ್ಡಿಂಗ್ ಅಂಗಡಿ ನಡೆಸುವ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ: ಸೈಕಲ್ಲಿನ ಹಳೆಯ ಚಿಮಟಾವನ್ನು ಹಿಡಿದು ಡಿಸ್ಕಿನ ಕೊಂಡಿ ಬೆಸೆಯಿರೆಂದು ಹುಡುಗನೊಬ್ಬ ಬಂದರೆ, ಎಷ್ಟೇ ಕಾಡಿದರೂ ಬೆಸೆದು ಕೊಡಬೇಡಿರಿ, ಹೊಸ ಚಿಮಟಾ ತರುವಂತೆ ಹೇಳಿ ಕಳುಹಿಸಿರಿ.